ಹಾರುವ ಕಾರು: ಯಾರಿಗೆ ಯಾವುದು ಸರಿಹೊಂದುತ್ತದೆ?

2021ರ ಜೂನ್ 28ರಂದು ಸ್ಲೊವಾಕಿಯಾದ ನಿತ್ರಾ ವಿಮಾನ ನಿಲ್ದಾಣದಿಂದ ಒಂದು ಕಾರು ಮೇಲೇರಿತು. 35 ನಿಮಿಷ ಹಾರಿ ಬ್ರಾಟಿಸ್ಲಾವಾದಲ್ಲಿ ಇಳಿಯಿತು. ಇಳಿದ ಮೇಲೆ ರೆಕ್ಕೆ ಮಡಚಿಕೊಂಡಿತು, ಬಾಲ ಒಳಗೆಳೆದುಕೊಂಡಿತು, ಹಾಗೇ ರಸ್ತೆಗಿಳಿದು ಊರೊಳಗೆ ಹೋಯಿತು. ಓಡಿಸುತ್ತಿದ್ದವರು ಅದನ್ನು ಕಟ್ಟಿದ ಸ್ಟೆಫಾನ್ ಕ್ಲೈನ್ ಅವರೇ. ಆ ವಿಡಿಯೊ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಆಮೇಲೆ ಒಂದೊಂದಾಗಿ ಪ್ರಶ್ನೆಗಳು ಎದ್ದವು. ಇದನ್ನು ಕೊಂಡರೆ ವಾರಕ್ಕೆ ಎಷ್ಟು ದಿನ ಉಪಯೋಗಕ್ಕೆ ಬರುತ್ತದೆ? ಎಲ್ಲಿ ನಿಲ್ಲಿಸುವುದು? ಮಳೆ ಬಂದರೆ? ಉತ್ತರ ಹುಡುಕುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. "ಹಾರುವ ಕಾರು" ಎಂಬ ಒಂದೇ ಹೆಸರಿನಡಿ ಐದಾರು ಬೇರೆ ಬೇರೆ ಯಂತ್ರಗಳು ಸೇರಿಕೊಂಡಿವೆ. ಕೆಲವು ನಿಜವಾಗಲೂ ರಸ್ತೆಯಲ್ಲಿ ಓಡುತ್ತವೆ. ಕೆಲವಕ್ಕೆ ಚಕ್ರವೇ ಇಲ್ಲ. ಕೆಲವಕ್ಕೆ ರನ್‌ವೇ ಬೇಕು, ಕೆಲವು ನಿಂತಲ್ಲಿಂದಲೇ ಏಳುತ್ತವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎಡವಟ್ಟಾಗುತ್ತದೆ.

ಜಾಹೀರಾತುಗಳು ವೇಗದಿಂದ ಶುರುವಾಗುತ್ತವೆ. ನೀವು ಅಲ್ಲಿಂದ ಶುರುಮಾಡಬೇಡಿ. ಮೊದಲು ಕೇಳಿಕೊಳ್ಳಬೇಕಾದ್ದು ಇದು: ನಿಮ್ಮ ಪ್ರಯಾಣ ಎಲ್ಲಿಂದ ಮೇಲೇಳುತ್ತದೆ, ಎಲ್ಲಿ ಕೆಳಗಿಳಿಯುತ್ತದೆ? ನಡುವಿನ ಹಾರಾಟ ಸುಲಭದ ಭಾಗ. ಸಮಯ, ದುಡ್ಡು, ಅಪಾಯ ಮೂರೂ ಹೆಚ್ಚಾಗಿ ಆ ಎರಡು ತುದಿಗಳಲ್ಲೇ ಇರುತ್ತವೆ.

ಮೊದಲು ತೂಕದ ಮಾತು

ಒಳ್ಳೆಯ ಕಾರು ಅಂದರೆ ಗಟ್ಟಿಯಾಗಿರಬೇಕು. ಬಂಪರ್ ಬೇಕು, ಬಾಗಿಲೊಳಗೆ ಉಕ್ಕಿನ ಪಟ್ಟಿ ಬೇಕು, ಏರ್‌ಬ್ಯಾಗ್ ಬೇಕು, ದಪ್ಪ ಗಾಜು ಬೇಕು. ಒಳ್ಳೆಯ ವಿಮಾನ ಅಂದರೆ ಹಗುರವಾಗಿರಬೇಕು. ಅಲ್ಲಿ ಒಂದೊಂದು ಕಿಲೋಗೂ ಲೆಕ್ಕ ಇಡುತ್ತಾರೆ. ಈ ಎರಡನ್ನೂ ಒಂದೇ ಮೈಯಲ್ಲಿ ಕೂರಿಸಲು ಹೋದಾಗ ಯಾವುದೋ ಒಂದು ಕಡೆ ಬಿಟ್ಟುಕೊಡಲೇಬೇಕು. ನೂರು ವರ್ಷದಿಂದ ಈ ಜಗಳ ಮುಗಿದಿಲ್ಲ.

1917ರಲ್ಲಿ ಗ್ಲೆನ್ ಕರ್ಟಿಸ್ ತಮ್ಮ ಆಟೋಪ್ಲೇನ್ ಅನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದರು. ಅದು ಒಂದೆರಡು ಸಲ ನೆಲದಿಂದ ಜಿಗಿಯಿತು, ಸರಿಯಾಗಿ ಹಾರಲಿಲ್ಲ. 1949ರಲ್ಲಿ ಮೋಲ್ಟ್ ಟೇಲರ್ ಕಟ್ಟಿದ ಏರೋಕಾರ್ ಮಾತ್ರ ಚೆನ್ನಾಗಿಯೇ ಹಾರಿತು. ರಸ್ತೆಗೆ ಬಂದಾಗ ಅದರ ರೆಕ್ಕೆ ಮತ್ತು ಬಾಲವನ್ನು ಕಳಚಿ, ಮಡಚಿ, ಟ್ರೇಲರ್‌ನಂತೆ ಹಿಂದೆ ಎಳೆದುಕೊಂಡು ಹೋಗಬಹುದಿತ್ತು. 1956ರಲ್ಲಿ ಅದಕ್ಕೆ ಅಮೆರಿಕ ಸರ್ಕಾರದ ಪ್ರಮಾಣಪತ್ರವೂ ಸಿಕ್ಕಿತು. ಆದರೂ ತಯಾರಾದದ್ದು ಆರೇ ಆರು. ಈ ಸಂಖ್ಯೆಯ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಕೆಲಸ ಮಾಡುವ, ಪ್ರಮಾಣಪತ್ರ ಇರುವ ಹಾರುವ ಕಾರು 1956ರಲ್ಲೇ ಇತ್ತು. ಹಾರಿಸುವುದು ಹೇಗೆಂದು ಗೊತ್ತಿತ್ತು. ಕೊಳ್ಳುವವರಿಗೆ ಒಂದು ಕಾರು ಮತ್ತು ಒಂದು ವಿಮಾನ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದೇ ಸುಲಭವಾಗಿತ್ತು.

ಎರಡನ್ನು ಒಂದುಮಾಡುವಾಗ ಎಂಥ ತಪ್ಪುಗಳು ನುಸುಳುತ್ತವೆ ಎಂಬುದಕ್ಕೆ ಕಾನ್ವೇರ್ ಕಂಪನಿಯ ಕಥೆ ನೋಡಿ. ಅವರ ಯಂತ್ರದಲ್ಲಿ ಕಾರಿಗೆ ಒಂದು ಎಂಜಿನ್, ಹಾರಾಟಕ್ಕೆ ಇನ್ನೊಂದು. 1947ರ ನವೆಂಬರ್‌ನಲ್ಲಿ ಅದು ಇಂಧನ ಮುಗಿದು ನೆಲಕ್ಕಪ್ಪಳಿಸಿತು. ಪೈಲಟ್ ನೋಡಿದ್ದು ಕಾರಿನ ಟ್ಯಾಂಕಿನ ಮುಳ್ಳನ್ನು, ಖಾಲಿಯಾಗಿದ್ದು ವಿಮಾನದ ಟ್ಯಾಂಕ್ ಎಂದು ಆಗಿನಿಂದ ಹೇಳುತ್ತಾ ಬಂದಿದ್ದಾರೆ. ಪುಣ್ಯಕ್ಕೆ ಅವರು ಬದುಕಿದರು. 1973ರಲ್ಲಿ ಫೋರ್ಡ್ ಪಿಂಟೋ ಕಾರಿಗೆ ಸೆಸ್ನಾ ಸ್ಕೈಮಾಸ್ಟರ್ ವಿಮಾನದ ರೆಕ್ಕೆ ಮತ್ತು ಹಿಂಭಾಗ ಜೋಡಿಸಿದ ಮಿಜಾರ್‌ನಲ್ಲಿ ಹಾಗಾಗಲಿಲ್ಲ. ರೆಕ್ಕೆಯ ಆಧಾರದ ಕಂಬಿ ಕಳಚಿ, ಅದನ್ನು ರೂಪಿಸಿದ ಹೆನ್ರಿ ಸ್ಮೊಲಿನ್‌ಸ್ಕಿ ಮತ್ತು ಹೆರಾಲ್ಡ್ ಬ್ಲೇಕ್ ಇಬ್ಬರೂ ತೀರಿಕೊಂಡರು.

ಈಚಿನ ಯಂತ್ರಗಳು ಇಷ್ಟು ಒರಟಾಗಿಲ್ಲ, ನಿಜ. ಆದರೆ ತೂಕದ ಜಗಳ ಹಾಗೇ ಇದೆ. ಅಮೆರಿಕದ ಟೆರಾಫ್ಯೂಜಿಯಾ ಕಂಪನಿಯ ಟ್ರಾನ್ಸಿಷನ್ ಎಂಬ ಹಾರುವ ಕಾರಿಗೆ 2011ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಕೆಲವು ವಿನಾಯಿತಿ ಕೊಡಬೇಕಾಯಿತು. ಕಾರಿನ ಮಾಮೂಲಿ ಗಾಜು ಭಾರ. ಹಕ್ಕಿ ಬಡಿದರೆ ಬಿರುಕು ಬಿಟ್ಟು ಪೈಲಟ್‌ಗೆ ಮುಂದೆ ಏನೂ ಕಾಣದಂತೆ ಆಗಬಹುದು. ಹಾಗಾಗಿ ಅದರ ಬದಲು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಕಲು ಒಪ್ಪಿಗೆ ಬೇಕಾಯಿತು. ಟೈರಿಗೂ ಬೇರೆ ಒಪ್ಪಿಗೆ.

ಇನ್ನೊಂದು ವಿಷಯ ಕೊಳ್ಳುವವರಿಗೆ ಹೊಳೆಯುವುದೇ ಇಲ್ಲ. ಪಾರ್ಕಿಂಗ್‌ನಲ್ಲಿ ಯಾರೋ ಹಿಂದಿನಿಂದ ಮೆಲ್ಲಗೆ ತಾಗಿಸಿ ಹೋದರು ಅಂದುಕೊಳ್ಳಿ. ಮಾಮೂಲಿ ಕಾರಾದರೆ ಗೀರು ಒರೆಸಿಕೊಂಡು ಹೊರಟುಬಿಡುತ್ತೀರಿ. ಹಾರುವ ಕಾರಾದರೆ ಆ ಗೀರಿನ ಹಿಂದೆ ರೆಕ್ಕೆಯ ಕೀಲು ಇರಬಹುದು, ಬಾಲದ ತಂತಿ ಇರಬಹುದು. ಪರಿಣತ ಮೆಕ್ಯಾನಿಕ್ ನೋಡಿ ಸರಿ ಅನ್ನುವವರೆಗೆ ಅದನ್ನು ಮೇಲಕ್ಕೇರಿಸಬಾರದು. ದಿನಾ ರಸ್ತೆಯಲ್ಲಿ ಓಡುವ ಯಂತ್ರಕ್ಕೆ ಇಂಥದ್ದು ಎಷ್ಟು ಸಲ ಆಗುತ್ತದೆ, ನೀವೇ ಯೋಚಿಸಿ.

ರೆಕ್ಕೆ ಮಡಚುವ ಕಾರು

ಕ್ಲೈನ್ ಅವರ ಏರ್‌ಕಾರ್ ಈ ಗುಂಪಿನ ಅತ್ಯುತ್ತಮ ಮಾದರಿ ಅನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆಗೆಂದು ಕಟ್ಟಿದ ಅದರ ಯಂತ್ರಕ್ಕೆ 1.6 ಲೀಟರಿನ ಬಿಎಂಡಬ್ಲ್ಯು ಎಂಜಿನ್ ಇದೆ. ಪೆಟ್ರೋಲ್ ಬಂಕಿನ ಪೆಟ್ರೋಲೇ ಸಾಕು. ಕಾರಿನಿಂದ ವಿಮಾನವಾಗಲು ಎರಡೂಕಾಲು ನಿಮಿಷ. 70 ಗಂಟೆಗಳ ಹಾರಾಟ ಪರೀಕ್ಷೆ ಮುಗಿಸಿ, 200ಕ್ಕೂ ಜಾಸ್ತಿ ಸಲ ಏರಿ ಇಳಿದ ಮೇಲೆ, 2022ರ ಜನವರಿಯಲ್ಲಿ ಸ್ಲೊವಾಕಿಯಾದ ಸಾರಿಗೆ ಇಲಾಖೆ ಅದಕ್ಕೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಕೊಟ್ಟಿತು. ತಯಾರಕರು ಹೇಳುವ ಹಾರಾಟದ ದೂರ ಸುಮಾರು 1,000 ಕಿ.ಮೀ.

ಇಂಥದ್ದರ ದೊಡ್ಡ ಗುಣ ರೆಕ್ಕೆಯೇ. ಎಂಜಿನ್ ನಿಂತರೂ ಅದು ತೇಲುತ್ತಾ ಇಳಿಯುತ್ತದೆ. ಸೆಸ್ನಾ 172ರಂಥ ಸಣ್ಣ ವಿಮಾನ ಒಂದು ಕಿ.ಮೀ. ಎತ್ತರದಲ್ಲಿ ಎಂಜಿನ್ ಕಳೆದುಕೊಂಡರೆ ಸುಮಾರು ಒಂಬತ್ತು ಕಿ.ಮೀ. ತೇಲಬಲ್ಲದು. ಹೊಲವೋ ಮೈದಾನವೋ ಹುಡುಕಲು ಅಷ್ಟು ಹೊತ್ತು ಸಿಗುತ್ತದೆ.

ದೊಡ್ಡ ಕೊರತೆ ರನ್‌ವೇ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಗುಂಡಿ ಒತ್ತಿ ಹಾರಿಬಿಡಬಹುದು ಎಂದು ಕನಸು ಕಂಡವರಿಗೆ ಇದು ಆಗಿಬರುವುದಿಲ್ಲ. ಮನೆಯಿಂದ ವಿಮಾನ ನಿಲ್ದಾಣಕ್ಕೆ ಓಡಿಸಿಕೊಂಡು ಹೋಗಬೇಕು, ಪ್ರತಿ ಹಾರಾಟಕ್ಕೆ ಮುಂಚೆ ರೆಕ್ಕೆಯ ಬೀಗಗಳಿಂದ ಹಿಡಿದು ಎಣ್ಣೆಯವರೆಗೆ ಸುತ್ತಿ ಪರೀಕ್ಷಿಸಬೇಕು, ಇನ್ನೊಂದು ವಿಮಾನ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿ ಬಾಡಿಗೆ ಕಾರಿಗೆ ಕಾಯುವುದು ತಪ್ಪುತ್ತದೆ. ಉಳಿಯುವುದು ಅಷ್ಟೇ ಹೊತ್ತು. ಅಷ್ಟು ಹೊತ್ತಿಗಾಗಿ ರೆಕ್ಕೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ನಿಮಗೆ ಸರಿ ಅನಿಸುತ್ತದಾ ಎನ್ನುವುದೇ ಇಲ್ಲಿನ ಪ್ರಶ್ನೆ.

ಇದೇ ಗುಂಪಿನಲ್ಲಿ ಅಮೆರಿಕದ ಸ್ವಿಚ್‌ಬ್ಲೇಡ್ ಇದೆ. ಮೂರು ಚಕ್ರದ್ದು. 2023ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿತು. ಇದನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ಕೊಳ್ಳಬೇಕು. ಅಮೆರಿಕದ ನಿಯಮದಂತೆ ಕಿಟ್ ವಿಮಾನದ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಲೀಕರದ್ದೇ ಆಗಿರಬೇಕು. ಕೈಯಲ್ಲಿ ಸ್ಪ್ಯಾನರ್ ಹಿಡಿದು ತಿಂಗಳುಗಟ್ಟಲೆ ಕೂರುವ ಖುಷಿ ಇರುವವರಿಗೆ ಮಾತ್ರ.

ಗೈರೋಪ್ಲೇನ್ ಕಾರು

ಗೈರೋಪ್ಲೇನ್ ನೋಡಲು ಹೆಲಿಕಾಪ್ಟರ್ ಥರ ಇರುತ್ತದೆ. ಒಳಗಿನ ಲೆಕ್ಕ ಪೂರ್ತಿ ಬೇರೆ. ಹಾರುವಾಗ ಮೇಲಿನ ರೋಟರ್‌ಗೆ, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆಗೆ, ಎಂಜಿನ್‌ನ ಶಕ್ತಿ ಹೋಗುವುದಿಲ್ಲ. ಹಿಂದಿನ ಪ್ರೊಪೆಲ್ಲರ್ ಮುಂದಕ್ಕೆ ತಳ್ಳುತ್ತದೆ, ಬೀಸುವ ಗಾಳಿಗೆ ರೋಟರ್ ತಾನಾಗಿ ತಿರುಗುತ್ತದೆ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ 1923ರಲ್ಲೇ ಇದನ್ನು ಹಾರಿಸಿ ತೋರಿಸಿದರು. ಆಟದ ಗಾಳಿಗಿರಗಿಟ್ಲೆ ಹಿಡಿದು ಓಡಿದರೆ ಹೇಗೆ ತಿರುಗುತ್ತದೋ ಹಾಗೆ.

ಇದರಿಂದ ಒಂದು ದೊಡ್ಡ ಲಾಭ ಇದೆ. ಎಂಜಿನ್ ನಿಂತರೂ ರೋಟರ್ ನಿಲ್ಲುವುದಿಲ್ಲ. ಯಂತ್ರ ನಿಧಾನವಾಗಿ ಇಳಿಯುತ್ತದೆ, ಇಳಿದ ಮೇಲೆ ಓಡಲು ತುಂಬಾ ಜಾಗವೂ ಬೇಕಿಲ್ಲ. ಜೋರು ಗಾಳಿಯಲ್ಲೂ ಸಣ್ಣ ರೆಕ್ಕೆ ವಿಮಾನದಷ್ಟು ಕುಲುಕುವುದಿಲ್ಲ.

ನೆದರ್ಲೆಂಡ್ಸ್‌ನ ಪಾಲ್-ವಿ ಲಿಬರ್ಟಿ ಇಂಥ ಕಾರು. ಮೂರು ಚಕ್ರ, ಇಬ್ಬರಿಗೆ ಜಾಗ. ತಿರುವಿನಲ್ಲಿ ಬೈಕಿನಂತೆ ವಾಲುತ್ತದೆ. ಇದರ ಮೊದಲ ಮಾದರಿ 2012ರಲ್ಲಿ ಹಾರಿತು. 2020ರಲ್ಲಿ ಯುರೋಪಿನ ರಸ್ತೆಗಳಲ್ಲಿ ಓಡಲು ಲಿಬರ್ಟಿಗೆ ಒಪ್ಪಿಗೆ ಸಿಕ್ಕಿತು. ಹಾರಾಟದ ಪ್ರಮಾಣಪತ್ರದ ದಾರಿ ಅದಕ್ಕಿಂತ ಬಹಳ ಉದ್ದ. ಮೇಲೇರಲು ಸುಮಾರು 180 ಮೀಟರ್ ಓಟ, ಇಳಿದು ನಿಲ್ಲಲು 30 ಮೀಟರ್ ಎಂದು ಕಂಪನಿ ಹೇಳುತ್ತದೆ. ಗಾಳಿಯಲ್ಲಿ ಗರಿಷ್ಠ ವೇಗ ಗಂಟೆಗೆ 180 ಕಿ.ಮೀ. ಕಾರಿನಿಂದ ಹಾರುವ ಯಂತ್ರವಾಗಲು ಐದರಿಂದ ಹತ್ತು ನಿಮಿಷ ಬೇಕು, ಅದರಲ್ಲಿ ಕೈಕೆಲಸವೂ ಸೇರಿದೆ.

ಕೊರತೆಗಳನ್ನೂ ಹೇಳಬೇಕು. ಗೈರೋಪ್ಲೇನ್ ಗಾಳಿಯಲ್ಲಿ ನಿಂತಲ್ಲೇ ನಿಲ್ಲಲಾರದು. ರೆಕ್ಕೆ ವಿಮಾನಕ್ಕಿಂತ ನಿಧಾನ, ಇಂಧನವೂ ಜಾಸ್ತಿ ಬೇಕು. ಇದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ವಿಮಾನ ಓಡಿಸಿ ಅಭ್ಯಾಸ ಇದ್ದವರು "ನನಗೆ ಗೊತ್ತಿದೆ" ಎಂದು ಕೂತರೆ ಅಪಾಯ. ಹಿಡಿಯನ್ನು ತಟ್ಟನೆ ಮುಂದಕ್ಕೆ ತಳ್ಳಿದರೆ ರೋಟರ್ ಮೇಲಿನ ಭಾರ ತಪ್ಪಿಹೋಗುತ್ತದೆ, ಆಗ ಅದು ತಿರುಗುವ ವೇಗವನ್ನೇ ಕಳೆದುಕೊಳ್ಳಬಹುದು. ಹಳೆಯ ಕೈಚಳಕ ಇಲ್ಲಿ ಮುಳುವಾಗುತ್ತದೆ.

ಆದರೂ ಓಡುವ ಮತ್ತು ಹಾರುವ ಎರಡೂ ಕೆಲಸ ಒಂದೇ ಯಂತ್ರದಿಂದ ಆಗಲೇಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ ಬಗೆ. ಸಣ್ಣ ಜಾಗದಲ್ಲಿ ಇಳಿಯುತ್ತದೆ, ಮಡಚಿದಾಗ ಹೊರಗೆ ಚಾಚಿಕೊಂಡ ಭಾಗ ಕಡಿಮೆ. 300 ಕಿ.ಮೀ.ಗಿಂತ ದೂರದ ಓಡಾಟವೇ ಜಾಸ್ತಿ ಇದ್ದರೆ ಮಾತ್ರ ರೆಕ್ಕೆಯ ಕಾರಿನ ಕಡೆ ನೋಡಿ.

ನಿಂತಲ್ಲಿಂದಲೇ ಏಳುವವು

ಎಲ್ಲರ ಮನಸ್ಸಲ್ಲಿರುವ ಹಾರುವ ಕಾರು ಇದೇ ಅಲ್ವಾ? ಮನೆ ಮುಂದಿನಿಂದ ನೆಟ್ಟಗೆ ಮೇಲೆದ್ದು ಹೋಗುವಂಥದ್ದು. ದುಬಾರಿ ಬಗೆಯೂ ಇದೇ. ಅದರ ಕಾರಣ ಅರ್ಥವಾದರೆ ಅರ್ಧ ಜಾಹೀರಾತುಗಳನ್ನು ನೀವೇ ತೂಗಿ ನೋಡಬಹುದು.

ರೆಕ್ಕೆ ಇರುವ ವಿಮಾನವನ್ನು ರೆಕ್ಕೆಯೇ ಎತ್ತಿ ಹಿಡಿಯುತ್ತದೆ. ಪ್ರೊಪೆಲ್ಲರ್ ಮುಂದಕ್ಕೆ ಎಳೆದರೆ ಸಾಕು, ಅದಕ್ಕೆ ಬೇಕಾಗುವ ಬಲ ವಿಮಾನದ ತೂಕದ ಸುಮಾರು ಹತ್ತರಲ್ಲಿ ಒಂದು ಭಾಗ. ನಿಂತಲ್ಲೇ ತೇಲಬೇಕೆಂದರೆ ಪೂರ್ತಿ ತೂಕವನ್ನೂ ಪ್ರೊಪೆಲ್ಲರ್‌ಗಳೇ ಹೊರಬೇಕು. ಗಾಳಿಯನ್ನು ಕೆಳಕ್ಕೆ ತಳ್ಳಿ ಮೇಲೆ ನಿಲ್ಲುವ ಕೆಲಸ ಅದು. ಹೆಲಿಕಾಪ್ಟರ್‌ನ ರೋಟರ್ ಅಷ್ಟು ದೊಡ್ಡದಾಗಿರುವುದು ಇದಕ್ಕೇ. ಅಗಲವಾದ ಜಾಗದ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಶಕ್ತಿ ಕಡಿಮೆ ಸಾಕು. ಕಾರಿನ ಅಗಲದೊಳಗೆ ಕೂರುವ ಪುಟ್ಟ ಪ್ರೊಪೆಲ್ಲರ್‌ಗಳು ಸ್ವಲ್ಪ ಗಾಳಿಯನ್ನೇ ಭಾರಿ ವೇಗದಲ್ಲಿ ತಳ್ಳಬೇಕು. ಶಕ್ತಿ ಸುಮ್ನೆ ಸುರಿದುಹೋಗುತ್ತದೆ, ಸದ್ದೂ ಜಾಸ್ತಿ, ಕೆಳಗಿನ ಧೂಳೆಲ್ಲ ಏಳುತ್ತದೆ.

ಈಗ ಬ್ಯಾಟರಿ ಸೇರಿಸಿ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಗಂಟೆ ಶಕ್ತಿ ಇದೆ. ಇವತ್ತಿನ ಒಳ್ಳೆಯ ಲಿಥಿಯಂ ಅಯಾನ್ ಸೆಲ್‌ನಲ್ಲಿ ಕಿಲೋಗೆ ಸುಮಾರು 250. ಎಂಜಿನ್ ಪೆಟ್ರೋಲಿನ ಕಾಲುಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ ಎಂದರೂ ಹತ್ತು ಪಟ್ಟಿಗಿಂತ ಜಾಸ್ತಿ ಅಂತರ ಉಳಿಯುತ್ತದೆ. ಪೆಟ್ರೋಲ್ ಉರಿದಂತೆ ವಿಮಾನ ಹಗುರಾಗುತ್ತದೆ. ಖಾಲಿಯಾದ ಬ್ಯಾಟರಿ ಅಷ್ಟೇ ಭಾರವಾಗಿ ಕೂತಿರುತ್ತದೆ, ಅದೂ ಇಳಿಯುವ ಕಷ್ಟದ ಗಳಿಗೆಯಲ್ಲಿ.

ಇನ್ನೊಂದು ಲೆಕ್ಕ. ಅಮೆರಿಕದ ನಿಯಮದಲ್ಲಿ, ಪೈಲಟ್ ಕಣ್ಣಿಂದಲೇ ದಾರಿ ನೋಡಿಕೊಂಡು ಹಾರಿಸುವ ಹೆಲಿಕಾಪ್ಟರ್ ತಲುಪಬೇಕಾದ ಜಾಗಕ್ಕೆ ಬಂದ ಮೇಲೂ 20 ನಿಮಿಷ ಹಾರುವಷ್ಟು ಇಂಧನ ಉಳಿದಿರಬೇಕು. ಪೂರ್ತಿ ಚಾರ್ಜಿಗೆ 25 ನಿಮಿಷ ಹಾರುವ ಯಂತ್ರದಲ್ಲಿ ಅಷ್ಟನ್ನು ಮೀಸಲಿಟ್ಟರೆ ಪ್ರಯಾಣಕ್ಕೆ ಏನು ಉಳಿಯಿತು? ಜಾಹೀರಾತಿನಲ್ಲಿ "ಇಷ್ಟು ದೂರ ಹಾರುತ್ತದೆ" ಎಂದು ಕಂಡರೆ, ಮೀಸಲು ಕಳೆದ ಮೇಲಿನ ಲೆಕ್ಕವೋ ಕಳೆಯುವ ಮುಂಚಿನದ್ದೋ ಎಂದು ಕೇಳಲೇಬೇಕು.

ಈ ಗುಂಪಿನ ಎರಡು ಹೆಸರು ತಿಳಿದಿರಲಿ. ಅಮೆರಿಕದ ಅಲೆಫ್ ಮಾಡೆಲ್ ಎ ನೋಡಲು ಕಾರಿನಂತೆಯೇ ಇದೆ. ಘೋಷಿಸಿದ ಬೆಲೆ 3 ಲಕ್ಷ ಡಾಲರ್. 2023ರ ಜೂನ್‌ನಲ್ಲಿ ಅಮೆರಿಕದ ವಿಮಾನಯಾನ ಆಡಳಿತದಿಂದ ಒಂದು ವಿಶೇಷ ಪ್ರಮಾಣಪತ್ರ ಸಿಕ್ಕಿತು ಎಂದು ದೊಡ್ಡ ಸುದ್ದಿಯಾಯಿತು. ಅದು ಪರೀಕ್ಷೆಗೆ, ಪ್ರದರ್ಶನಕ್ಕೆ ಹಾರಲು ಕೊಡುವ ಸೀಮಿತ ಅನುಮತಿ. ಗಿರಾಕಿಗೆ ಮಾರಲು ಬೇಕಾದ ಪ್ರಮಾಣಪತ್ರವೇ ಬೇರೆ. ರಸ್ತೆಯಲ್ಲಿ ಅದನ್ನು ನಿಧಾನ ವೇಗದ ವಾಹನಗಳ ವರ್ಗದಲ್ಲಿ ತರುವ ಯೋಜನೆ, ಅಂದರೆ ಗಂಟೆಗೆ ಸುಮಾರು 40 ಕಿ.ಮೀ. ಹೆದ್ದಾರಿಗೆ ಇಳಿಸುವಂತಿಲ್ಲ. ತೂಕದ ಜಗಳದಲ್ಲಿ ಕಾರಿನ ಕಡೆ ಬಿಟ್ಟುಕೊಟ್ಟದ್ದು ಇಲ್ಲಿ ಕಾಣುತ್ತದೆ.

ಚೀನಾದ ಎಕ್ಸ್‌ಪೆಂಗ್ ಬಳಗದ ಯೋಚನೆ ನನಗೆ ಹೆಚ್ಚು ಹಿಡಿಸಿತು. ಆರು ಚಕ್ರದ ದೊಡ್ಡ ವ್ಯಾನಿನ ಹೊಟ್ಟೆಯಲ್ಲಿ ಇಬ್ಬರು ಕೂರುವ ಹಾರುವ ಯಂತ್ರ ಮಡಚಿ ಕೂತಿರುತ್ತದೆ. ವ್ಯಾನ್ ವ್ಯಾನಾಗಿಯೇ ಗಟ್ಟಿಯಾಗಿರಬಹುದು, ಹಾರುವ ಭಾಗ ಹಗುರಾಗಿರಬಹುದು. ಹಾರಿ ಬಂದ ಮೇಲೆ ವ್ಯಾನೇ ಅದಕ್ಕೆ ಚಾರ್ಜ್ ಮಾಡುತ್ತದೆ. ಒಂದೇ ತೊಡಕು: ನೀವು ಹಾರಿ ಹೋದಿರಿ, ವ್ಯಾನ್ ಅಲ್ಲೇ ಉಳಿಯಿತು. ಇಳಿದ ಕಡೆ ನಿಮ್ಮ ಹತ್ತಿರ ಕಾರಿಲ್ಲ. ಸುತ್ತು ಹೊಡೆದು ವಾಪಸ್ ಬರುವುದಕ್ಕೆ ಚೆಂದ, ಒಂದು ಊರಿಂದ ಇನ್ನೊಂದು ಊರಿಗೆ ಹೋಗಲು ಅಷ್ಟಾಗಿ ಒದಗುವುದಿಲ್ಲ.

ಸುರಕ್ಷತೆಯ ಮಾತು ಇಲ್ಲಿ ಇನ್ನೂ ಗಂಭೀರ. ಪುಟ್ಟ ಪ್ರೊಪೆಲ್ಲರ್‌ಗಳ ಯಂತ್ರ ತೇಲಿ ಇಳಿಯಲಾರದು, ಗೈರೋಪ್ಲೇನಿನಂತೆ ತಿರುಗುತ್ತಾ ಇಳಿಯಲಾರದು. ಅದರ ಧೈರ್ಯವೆಲ್ಲ ಸಂಖ್ಯೆಯಲ್ಲಿದೆ. ಎಂಟು, ಹದಿನಾರು ಮೋಟರ್ ಇದ್ದರೆ ಒಂದು ಕೆಟ್ಟರೂ ಉಳಿದವು ಹೊರುತ್ತವೆ. ಪ್ಯಾರಾಚೂಟ್ ಇದೆಯಲ್ಲ ಎನ್ನಬಹುದು. ಎತ್ತರ ಇದ್ದಾಗ ಅದು ನಿಜವಾಗಲೂ ಪ್ರಾಣ ಉಳಿಸುತ್ತದೆ. 2015ರಲ್ಲಿ ಏರೋಮೊಬಿಲ್ ಎಂಬ ಹಾರುವ ಕಾರು ಪರೀಕ್ಷೆಯಲ್ಲಿ ಹತೋಟಿ ತಪ್ಪಿದಾಗ ಒಳಗಿದ್ದ ಕ್ಲೈನ್ ಅವರನ್ನು ಉಳಿಸಿದ್ದು ಪ್ಯಾರಾಚೂಟೇ. ಆದರೆ ಅದು ಬಿಚ್ಚಿಕೊಳ್ಳಲು ಎತ್ತರ ಬೇಕು. ಮನೆಯ ಮಾಳಿಗೆಯಷ್ಟು ಎತ್ತರದಲ್ಲಿ, ನೆಟ್ಟಗೆ ಏಳುವಾಗ ಇಳಿಯುವಾಗ, ಅದು ಕೈಕೊಡಬಹುದು. ಮಾರುವವರನ್ನು ಈ ಒಂದು ಪ್ರಶ್ನೆ ಕೇಳದೆ ಬಿಡಬೇಡಿ: 15 ಮೀಟರ್ ಎತ್ತರದಲ್ಲಿ ಬ್ಯಾಟರಿ ಕೈಕೊಟ್ಟರೆ ಏನಾಗುತ್ತದೆ?

ಕೊಳ್ಳದೆ ಟಿಕೆಟ್ ತೆಗೆದುಕೊಳ್ಳುವುದು

ಏರ್ ಟ್ಯಾಕ್ಸಿಗಳು ರಸ್ತೆಯ ಆಸೆಯನ್ನೇ ಬಿಟ್ಟಿವೆ. ಬಂಪರ್ ಇಲ್ಲ, ರಸ್ತೆಯ ಚಕ್ರ ಇಲ್ಲ. ಹಾಗಾಗಿಯೇ ಇವು ಎಲ್ಲರಿಗಿಂತ ಮುಂದೆ ಬಂದಿವೆ. ಚೀನಾದ ಇಹ್ಯಾಂಗ್ 216-ಎಸ್‌ಗೆ 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿಮಾನಯಾನ ಆಡಳಿತ ಮಾದರಿ ಪ್ರಮಾಣಪತ್ರ ಕೊಟ್ಟಿತು, ಅಂದರೆ ಆ ವಿನ್ಯಾಸ ಹಾರಲು ಸುರಕ್ಷಿತ ಎಂಬ ಒಪ್ಪಿಗೆ. ಇಬ್ಬರು ಪ್ರಯಾಣಿಕರು, 16 ಪ್ರೊಪೆಲ್ಲರ್, ಒಳಗೆ ಪೈಲಟ್ ಇಲ್ಲ. ದೂರ 30 ಕಿ.ಮೀ., ಗರಿಷ್ಠ ವೇಗ ಗಂಟೆಗೆ 130 ಕಿ.ಮೀ. ಅಮೆರಿಕದ ಜೋಬಿ ಯಂತ್ರಕ್ಕೆ ರೆಕ್ಕೆ ಇದೆ, ಆರು ಪ್ರೊಪೆಲ್ಲರ್‌ಗಳು ಏಳುವಾಗ ಮೇಲ್ಮುಖವಾಗಿದ್ದು ಆಮೇಲೆ ಮುಂದಕ್ಕೆ ವಾಲುತ್ತವೆ. ಪೈಲಟ್ ಜೊತೆ ನಾಲ್ವರು ಕೂರಬಹುದು. ಸುಮಾರು 160 ಕಿ.ಮೀ. ದೂರ, ಗಂಟೆಗೆ 320 ಕಿ.ಮೀ.ವರೆಗೆ ವೇಗ ಎಂದು ಕಂಪನಿ ಹೇಳುತ್ತದೆ. ರೆಕ್ಕೆ ಇದ್ದರೆ ಎಷ್ಟು ವ್ಯತ್ಯಾಸ ಎಂಬುದು ಈ ಎರಡು ಸಾಲಿನಲ್ಲೇ ಕಾಣುತ್ತದೆ.

ಈಗ ಎರಡು ತುದಿಗಳ ಲೆಕ್ಕಕ್ಕೆ ಬನ್ನಿ. 30 ಕಿ.ಮೀ. ದೂರವನ್ನು 130 ಕಿ.ಮೀ. ವೇಗದಲ್ಲಿ ಹಾರಿದರೆ 14 ನಿಮಿಷ. ಮನೆಯಿಂದ ಏರುವ ಜಾಗಕ್ಕೆ 15 ನಿಮಿಷ ಇರಲಿ. ಅಲ್ಲಿ ತೂಕ ನೋಡಿ, ಬೆಲ್ಟ್ ಹಾಕಿ, ಸರದಿಗೆ ಕಾಯಲು 10. ಇಳಿದ ಮೇಲೆ ಕಚೇರಿಗೆ ಮತ್ತೆ 15. ಒಟ್ಟು 54 ನಿಮಿಷ. ಅದೇ ದಾರಿ ಕಾರಿನಲ್ಲಿ ಒಂದೂವರೆ ಗಂಟೆ ಹಿಡಿಯುತ್ತಿದ್ದರೆ ಲಾಭ. 50 ನಿಮಿಷ ಹಿಡಿಯುತ್ತಿದ್ದರೆ ಏನೂ ಇಲ್ಲ. ಇಳಿಯುವ ಜಾಗ ಮನೆಗೂ ಕಚೇರಿಗೂ ಹತ್ತಿರ ಇದ್ದಷ್ಟೂ ಏರ್ ಟ್ಯಾಕ್ಸಿ ಗೆಲ್ಲುತ್ತದೆ.

ಅಷ್ಟು ಹತ್ತಿರ ಜಾಗ ಸಿಗುವುದೇ ಕಷ್ಟ. ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ ಛಾವಣಿಯಿಂದಲೇ ಒಂದು ಕಾಲದಲ್ಲಿ ಹೆಲಿಕಾಪ್ಟರ್ ಸೇವೆ ಇತ್ತು. ಊರ ನಡುವೆ, ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? 1977ರ ಮೇ 16ರಂದು ನಿಂತಿದ್ದ ಹೆಲಿಕಾಪ್ಟರ್‌ನ ಚಕ್ರದ ಕಾಲು ಮುರಿದು ಅದು ಪಕ್ಕಕ್ಕೆ ವಾಲಿತು. ತಿರುಗುತ್ತಿದ್ದ ರೋಟರ್ ತಾಗಿ ಛಾವಣಿಯ ಮೇಲಿದ್ದ ನಾಲ್ವರು ತೀರಿಕೊಂಡರು. ಮುರಿದ ತುಂಡು ಕೆಳಗೆ ಬಿದ್ದು ರಸ್ತೆಯಲ್ಲಿ ನಡೆಯುತ್ತಿದ್ದ ಒಬ್ಬರೂ ಹೋದರು. ಆ ಛಾವಣಿಯ ಸೇವೆ ಅಲ್ಲಿಗೇ ನಿಂತಿತು. ಹೊಸ ಯಂತ್ರಗಳಿಗೆ ಯುರೋಪಿನ ನಿಯಮ ಇಷ್ಟು ಬಿಗಿಯಾಗಿರುವುದನ್ನು ನೋಡಿ ಬೇಸರಪಡುವವರು ಈ ಐದು ಜನರನ್ನು ನೆನೆಯಬೇಕು. ಊರ ಮೇಲೆ ದುಡ್ಡಿಗೆ ಜನರನ್ನು ಹೊತ್ತು ಹಾರುವ ಯಂತ್ರದಲ್ಲಿ ಪ್ರಾಣಕ್ಕೆ ಎರವಾಗುವ ದೋಷ ನೂರು ಕೋಟಿ ಹಾರಾಟ ಗಂಟೆಗೆ ಒಂದಕ್ಕಿಂತ ಅಪರೂಪ ಆಗಿರಬೇಕು ಎಂದು ಅಲ್ಲಿನ ನಿಯಮ ಕೇಳುತ್ತದೆ. ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇರುವ ಅಳತೆಯೇ ಅದು.

ಪರಿಸರದ ಲೆಕ್ಕವೂ ದೂರದ ಮೇಲೆ ನಿಂತಿದೆ. ಮಿಷಿಗನ್ ವಿಶ್ವವಿದ್ಯಾಲಯ ಮತ್ತು ಫೋರ್ಡ್ ಸಂಶೋಧಕರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 100 ಕಿ.ಮೀ. ದೂರಕ್ಕೆ ಮೂವರು ಪ್ರಯಾಣಿಕರು ಕೂತರೆ, ವಿದ್ಯುತ್ತಿನಿಂದ ನೆಟ್ಟಗೆ ಏಳುವ ಯಂತ್ರ ಪೆಟ್ರೋಲ್ ಕಾರಿಗಿಂತ ತಲೆಗೆ ಸುಮಾರು ಅರ್ಧದಷ್ಟೇ ಹೊಗೆಗೆ ಕಾರಣವಾಗುತ್ತದೆ. ಒಬ್ಬರೇ ಕೂತು 35 ಕಿ.ಮೀ.ಗಿಂತ ಕಡಿಮೆ ಹೋದರೆ ಪೆಟ್ರೋಲ್ ಕಾರೇ ವಾಸಿ. ಮೇಲೇಳಲು ಇಳಿಯಲು ಸುರಿದ ಶಕ್ತಿಗೆ ದೂರದಲ್ಲಿ ಬೆಲೆ ಸಿಗುತ್ತದೆ, ಹತ್ತಿರದಲ್ಲಿ ಸಿಗುವುದಿಲ್ಲ.

ಆಟಕ್ಕೆ ಒಬ್ಬರೇ ಕೂರುವವು

ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೆಟ್ಸನ್ ಒನ್ ಥರದವು ಸುಮಾರು 20 ನಿಮಿಷ ಹಾರುತ್ತವೆ. ಅಮೆರಿಕದಲ್ಲಿ 115 ಕಿಲೋ ಒಳಗಿನ ಒಂಟಿ ಸೀಟಿನ ಯಂತ್ರಕ್ಕೆ ಪೈಲಟ್ ಲೈಸೆನ್ಸ್ ಬೇಡ. ಹಗಲಲ್ಲೇ ಹಾರಬೇಕು, ಜನವಸತಿಯ ಮೇಲೆ ಹೋಗಬಾರದು, ಬಾಡಿಗೆಗೆ ಬಳಸಬಾರದು. ತೆರೆದ ಬಯಲು ಇದ್ದರೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ. ಕಚೇರಿಗೆ ಹೋಗಲು ಇದನ್ನು ನಂಬಬೇಡಿ.

ಲೈಸೆನ್ಸ್, ಮಂಜು, ಮತ್ತು ನನ್ನ ನಾಲ್ಕು ಬೆಳಗು

ನಾನು ಸಣ್ಣ ವಿಮಾನದ ತರಬೇತಿಗೆ ಸೇರಿದ್ದ ದಿನಗಳಲ್ಲಿ ಒಂದು ವಾರ ಸಾಲಾಗಿ ನಾಲ್ಕು ಬೆಳಗು ಹಾರಲು ಆಗಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹೋಗಿ ಕೂರುತ್ತಿದ್ದೆ. ಮಂಜು ಬಿಡುತ್ತಿರಲಿಲ್ಲ. ಬಿಟ್ಟಾಗ ಗಾಳಿ ಎದ್ದಿರುತ್ತಿತ್ತು. ಐದನೇ ದಿನ ಹಾರಿದೆವು, 40 ನಿಮಿಷ. ನನ್ನ ಮೇಷ್ಟ್ರು ಒಂದು ಸಲವೂ "ಹೋಗೇಬಿಡೋಣ" ಅನ್ನಲಿಲ್ಲ. ಆ ನಾಲ್ಕು ಬೆಳಗುಗಳಲ್ಲಿ ನಾನು ಕಲಿತದ್ದು ಹಾರಿದ ದಿನ ಕಲಿತದ್ದಕ್ಕಿಂತ ಜಾಸ್ತಿ. ಆ ದಿನಗಳಲ್ಲಿ ನನಗೆ ಎಲ್ಲೋ ತಲುಪಲೇಬೇಕಾಗಿದ್ದರೆ, ಕಾರಿನಲ್ಲೇ ಹೋಗಬೇಕಿತ್ತು.

ಹಾರುವ ಕಾರಿನ ಮಾಲೀಕರಿಗೂ ಇದೇ ಆಕಾಶ. ಖಾಸಗಿ ಪೈಲಟ್ ಲೈಸೆನ್ಸ್‌ಗೆ ಅಮೆರಿಕದಲ್ಲಿ ಕನಿಷ್ಠ 40 ಗಂಟೆ, ಯುರೋಪಿನಲ್ಲಿ 45 ಗಂಟೆ ಹಾರಾಟ ಬೇಕು. ಬಹಳಷ್ಟು ಜನಕ್ಕೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಅಷ್ಟಾದರೂ ಕಣ್ಣಿಗೆ ದಾರಿ ಕಾಣುವಾಗ ಮಾತ್ರ ಹಾರುವ ಅನುಮತಿ. ಮೋಡದೊಳಗೆ ಹೋಗಲು ಬೇರೆ ತರಬೇತಿ, ಬೇರೆ ಉಪಕರಣ, ಅದಕ್ಕೆ ಇನ್ನಷ್ಟು ತೂಕ.

ಇಲ್ಲಿ ಓಡುವ-ಹಾರುವ ಯಂತ್ರಕ್ಕೆ ನಾನು ಮನಸಾರೆ ಒಂದು ಅಂಕ ಜಾಸ್ತಿ ಕೊಡುತ್ತೇನೆ. ದಾರಿಯಲ್ಲಿ ಮೋಡ ಕವಿದರೆ ಹತ್ತಿರದ ನಿಲ್ದಾಣದಲ್ಲಿ ಇಳಿದು, ರೆಕ್ಕೆ ಮಡಚಿ, ರಸ್ತೆಯಲ್ಲಿ ಮನೆಗೆ ಬರಬಹುದು. ಮನೆಗೆ ತಲುಪಲೇಬೇಕು ಎಂಬ ಒತ್ತಡದಲ್ಲಿ ಕೆಟ್ಟ ಹವೆಯೊಳಗೆ ನುಗ್ಗಿ ಸತ್ತ ಪೈಲಟ್‌ಗಳು ಎಷ್ಟೋ ಮಂದಿ. ಆ ಒತ್ತಡವನ್ನು ಇಳಿಸುವ ಯಂತ್ರಕ್ಕೆ ಬೆಲೆ ಇದೆ.

ಕಂಪನಿ ಉಳಿಯುತ್ತದಾ?

ಟೆರಾಫ್ಯೂಜಿಯಾ 2017ರಲ್ಲಿ ಚೀನಾದ ಕಾರು ಕಂಪನಿ ಗೀಲಿಗೆ ಮಾರಾಟವಾಯಿತು. 2021ರಲ್ಲಿ ಹಾರಾಟದ ಪ್ರಮಾಣಪತ್ರ ಬಂದ ಕೆಲವೇ ದಿನಕ್ಕೆ ಅದರ ಅಮೆರಿಕದ ಕೆಲಸ ಮುಚ್ಚುವ ಸುದ್ದಿ ಬಂತು. ಏರೋಮೊಬಿಲ್ 2023ರಲ್ಲಿ ನಿಂತಿತು. ಜರ್ಮನಿಯ ಏರ್ ಟ್ಯಾಕ್ಸಿ ಕಂಪನಿಗಳಾದ ಲಿಲಿಯಂ ಮತ್ತು ವೊಲೊಕಾಪ್ಟರ್ ಎರಡೂ 2024ರಲ್ಲಿ ದಿವಾಳಿ ಅರ್ಜಿ ಹಾಕಿದವು. ಕೆಟ್ಟ ಎಂಜಿನಿಯರುಗಳಿಂದ ಹೀಗಾಯಿತು ಅನ್ನಲಾರೆ. ಪ್ರಮಾಣಪತ್ರ ಪಡೆಯುವಷ್ಟರಲ್ಲಿ ದುಡ್ಡು ಮುಗಿಯುತ್ತದೆ. ಆದರೆ ಕೊಂಡವರಿಗೆ ಇದರ ಅರ್ಥ ಬೇರೆ. ಕಂಪನಿ ಮುಚ್ಚಿದರೆ ಬಿಡಿಭಾಗ ಇಲ್ಲ, ಬಿಡಿಭಾಗ ಇಲ್ಲದಿದ್ದರೆ ಹಾರಾಟ ಇಲ್ಲ. ಹಾಗಾಗಿ ಎಂಜಿನ್ ಯಾರದ್ದು ಎಂದು ಕೇಳಿ. ಪಾಲ್-ವಿಯಲ್ಲಿರುವ ರೋಟಾಕ್ಸ್‌ನಂಥ, ಸಾವಿರಾರು ಸಣ್ಣ ವಿಮಾನಗಳಲ್ಲಿ ಓಡುತ್ತಿರುವ ಎಂಜಿನ್ ಇದ್ದರೆ ಅರ್ಧ ಚಿಂತೆ ಕಡಿಮೆ. ಮುಂಗಡ ಕೊಡುವುದಿದ್ದರೆ ವಾಪಸ್ ಸಿಗುವಂಥದ್ದನ್ನೇ ಕೊಡಿ, ಬರವಣಿಗೆಯಲ್ಲಿ ಪಡೆಯಿರಿ.

ಹಾಗಾದರೆ ಯಾರಿಗೆ ಯಾವುದು

ಆಗಾಗ 100ರಿಂದ 300 ಕಿ.ಮೀ. ಹೋಗುವವರು, ಎರಡೂ ಕಡೆ ಸಣ್ಣ ವಿಮಾನ ನಿಲ್ದಾಣ ಹತ್ತಿರ ಇರುವವರು, ಲೈಸೆನ್ಸ್ ಪಡೆಯುವ ತಾಳ್ಮೆ ಇರುವವರು ಗೈರೋಪ್ಲೇನ್ ಕಾರನ್ನು ಮೊದಲು ನೋಡಿ, ಆಮೇಲೆ ರೆಕ್ಕೆಯದ್ದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಬೇಡ.

ದೊಡ್ಡ ಊರಿನ ಟ್ರಾಫಿಕ್ ತಪ್ಪಿಸುವುದೇ ಉದ್ದೇಶ ಆಗಿದ್ದರೆ ಏನನ್ನೂ ಕೊಳ್ಳಬೇಡಿ. ಏರ್ ಟ್ಯಾಕ್ಸಿ ಬಂದಾಗ ಟಿಕೆಟ್ ತೆಗೆದುಕೊಳ್ಳಿ.

ಹಾರುವ ಆಸೆ ಇದೆ, ದಿನಾ ಹಾರಬೇಕಾದ ಕೆಲಸ ಇಲ್ಲ ಅನ್ನುವವರು ಒಳ್ಳೆಯ ಮಾಮೂಲಿ ಕಾರು ಇಟ್ಟುಕೊಳ್ಳಿ. ಫ್ಲೈಯಿಂಗ್ ಕ್ಲಬ್‌ನಲ್ಲಿ ಗಂಟೆ ಲೆಕ್ಕದಲ್ಲಿ ಸಣ್ಣ ವಿಮಾನ ಬಾಡಿಗೆಗೆ ಹಿಡಿಯಿರಿ. ಸೆಸ್ನಾ 172 ಎಂಬ ವಿಮಾನ 1956ರಲ್ಲಿ ತಯಾರಾಗಲು ಶುರುವಾಯಿತು, 44,000ಕ್ಕೂ ಜಾಸ್ತಿ ಆಗಿವೆ. ಅದನ್ನು ರಿಪೇರಿ ಮಾಡಬಲ್ಲವರು ಎಲ್ಲೆಲ್ಲೂ ಸಿಗುತ್ತಾರೆ. ಏರೋಕಾರ್‌ಗೆ ಪ್ರಮಾಣಪತ್ರ ಸಿಕ್ಕ ವರ್ಷವೂ ಅದೇ 1956. ಒಂದು ಆರಕ್ಕೆ ನಿಂತಿತು, ಇನ್ನೊಂದು ಇವತ್ತಿಗೂ ಬರುತ್ತಿದೆ. ಓದುಗರಲ್ಲಿ ಹೆಚ್ಚಿನವರಿಗೆ ನನ್ನ ಸಲಹೆ ಇದೇ.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಒಂದು ತಿಂಗಳು ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ನೀವು ಮಾಡಿದ ಪ್ರತಿ ಪ್ರಯಾಣವನ್ನೂ ಬರೆಯಿರಿ: ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು, ಎಷ್ಟು ದೂರ, ಜೊತೆಗೆ ಎಷ್ಟು ಜನ, ಎಷ್ಟು ಸಾಮಾನು. ಪಕ್ಕದಲ್ಲಿ ಆ ದಿನದ ಗಾಳಿ, ಮಳೆ, ಮೋಡ. ಹೊರಟ ಜಾಗದಿಂದ ಮತ್ತು ತಲುಪಿದ ಜಾಗದಿಂದ ಹತ್ತಿರದ ರನ್‌ವೇ ಎಷ್ಟು ದೂರ ಎಂಬುದನ್ನೂ ಸೇರಿಸಿ. ತಿಂಗಳ ಕೊನೆಗೆ, ಹಾರಬಹುದಾಗಿದ್ದ ಪ್ರಯಾಣಗಳಿಗೆ ಮಾತ್ರ ಗುರುತು ಹಾಕಿ. ಮಾರುವವರ ಹತ್ತಿರ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.